ಅರವತ್ತಮೂರನೆಯ ಪುಟದ ಕಣಜ

ಮಾರ್ಚ್ 4

ಕಾಲು ಮುರಿದು ಮೂರು ದಿನ. ಅಮ್ಮನ ಮನೆ, ಮೂರನೆಯ ಮಹಡಿ, ಮುಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿದ ಮಂಚ. ಹೊತ್ತು ಹೋಗುವುದಿಲ್ಲವೆಂದು ಈ ದಿನಚರಿ.

ಬಿದ್ದದ್ದು ಮುದ್ರಣಾಲಯದ ಮೆಟ್ಟಿಲಲ್ಲಿ. ಕರಡಿನ ಕಟ್ಟನ್ನು ಎದೆಗವುಚಿಕೊಂಡು ಇಳಿಯುತ್ತಿದ್ದೆ. ಕೊನೆಯ ಮೆಟ್ಟಿಲು ಮುಗಿಯಿತು ಅಂದುಕೊಂಡೆ, ಮುಗಿದಿರಲಿಲ್ಲ. ಹತ್ತೊಂಬತ್ತು ವರ್ಷ ಊರವರ ತಪ್ಪು ಹುಡುಕಿದವಳಿಗೆ ತನ್ನ ಕಾಲ ಕೆಳಗಿನ ಮೆಟ್ಟಿಲು ಕಾಣಲಿಲ್ಲ. ಕರಡು ತಿದ್ದುವವಳಾದ್ದರಿಂದ ಅಲ್ಲಿ ಎಲ್ಲರೂ ನನ್ನನ್ನು ಕರೆಯುವುದು ‘ಕರಡಿ’ ಅಂತ. ಬೆನ್ನ ಹಿಂದಲ್ಲ, ಎದುರಿಗೇ. ಈಗ ಕುಂಟುಕರಡಿ ಅನ್ನುತ್ತಿರಬೇಕು.

ಆರು ವಾರ ಅಂದಿದ್ದಾರೆ ಡಾಕ್ಟರು. ಪ್ಲಾಸ್ಟರಿನ ಮೇಲೆ ಪೆನ್ಸಿಲಿನಲ್ಲಿ ನಲವತ್ತೆರಡು ಗೆರೆ ಎಳೆದಿದ್ದೇನೆ, ದಿನಕ್ಕೊಂದು ಹೊಡೆದುಹಾಕಲು. ಮೂರು ಮುಗಿದಿವೆ.

ಮುದ್ರಣಾಲಯದ ಯಜಮಾನರು ಕರಡನ್ನು ಮನೆಗೇ ಕಳಿಸಿದ್ದಾರೆ. ಹುಳುಗಳ ಬಗ್ಗೆ ಒಂದು ಪುಸ್ತಕ. ವಿಜ್ಞಾನ ಓದದವರೂ ಓದಲೆಂದು ಒಬ್ಬ ನಿವೃತ್ತ ಟೀಚರ್ ಬರೆದದ್ದು. ನೂರಾ ಎಪ್ಪತ್ತಾರು ಪುಟ, 25ಕ್ಕೆ ಅಚ್ಚಿಗೆ ಹೋಗಬೇಕು. ಹುಳು ಅಂದರೆ ನನಗೆ ಮೈ ಜುಮ್ಮೆನ್ನುತ್ತದೆ. ಇರಲಿ, ನಾನು ನೋಡುವುದು ಅಕ್ಷರವನ್ನು.

ಮಾರ್ಚ್ 6

ಬೆಳಿಗ್ಗೆ ಅಮ್ಮ ಪೊರಕೆ ಎತ್ತಿಕೊಂಡು ಬಂದಳು. ಕಿಟಕಿಯ ಮರದ ಚೌಕಟ್ಟಿನ ಮೇಲೆ, ನನ್ನ ಮೂಗಿನಿಂದ ಒಂದು ಮೊಳ ದೂರದಲ್ಲಿ, ಕಣಜವೊಂದು ಮಣ್ಣು ಮೆತ್ತುತ್ತಿತ್ತು. ಕಪ್ಪು ಮೈ, ಹಳದಿ ಪಟ್ಟೆ, ದಾರದಂಥ ಸೊಂಟ.

“ಕಚ್ಚಿದ್ರೆ ಓಡೋಕೂ ಕಾಲಿಲ್ಲ ನಿಂಗೆ. ಸರಿ ಆ ಕಡೆ.”

“ಬೇಡಮ್ಮ. ಇದರ ತಂಟೆಗೆ ಹೋಗದಿದ್ರೆ ಇದು ಕಚ್ಚಲ್ವಂತೆ.”

“ಯಾರು ಹೇಳಿದ್ದು?”

“ಅರವತ್ತೊಂದನೇ ಪುಟ.”

ಅಮ್ಮ ನನ್ನನ್ನೂ ಕಣಜವನ್ನೂ ಒಂದೇ ದೃಷ್ಟಿಯಿಂದ ನೋಡಿ ಪೊರಕೆ ಇಳಿಸಿದಳು. ಆಮೇಲೆ ಬಾಗಿಲಲ್ಲೇ ನಿಂತು ಅರ್ಧ ಗಂಟೆ ನೋಡಿದಳು. “ಗಾರೆ ಮೇಸ್ತ್ರಿ ಕಣೇ ಇವಳು,” ಅಂದಳು. “ನಮ್ಮನೆ ಕಟ್ಟಿದವನಿಗಿಂತ ವಾಸಿ. ಹೋದವಳು ಮತ್ತೆ ಬರ್ತಾಳೆ ನೋಡು.”

ಹನ್ನೊಂದೂವರೆಗೆ ಮಡಕೆ ಮುಗಿಯಿತು. ನೆಲ್ಲಿಕಾಯಿಗಿಂತ ಚಿಕ್ಕದು, ಗುಂಡಗೆ, ಬಾಯಿಗೆ ಹೊರಕ್ಕೆ ಮಡಿಸಿದ ಕಂಠ ಬೇರೆ! ಮಡಕೆಗೆ ಕಂಠ ಯಾಕೆ ಬೇಕು ಅವಳಿಗೆ? ಯಾರು ಸೊಂಟದ ಮೇಲಿಟ್ಟುಕೊಂಡು ಹೋಗುತ್ತಾರೆ?

ಆಮೇಲೆ ಅವಳು ತಿರುಗಿ ನಿಂತು ಹೊಟ್ಟೆಯ ತುದಿಯನ್ನು ಮಡಕೆಯ ಬಾಯೊಳಗೆ ತೂರಿಸಿ, ಒಂದು ನಿಮಿಷ ಅಲ್ಲಾಡದೆ ಇದ್ದಳು. ಹಾರಿಹೋದಳು. ಊಟದ ಹೊತ್ತಿಗೆ ಒಂದು ಹಸಿರು ಹುಳವನ್ನು ಹೊತ್ತು ತಂದು ಒಳಗೆ ತುರುಕಿದಳು. ಸಂಜೆಯೊಳಗೆ ಮೂರು. ಇವತ್ತು ಒಂದು ಪುಟವೂ ಓದಲಾಗಲಿಲ್ಲ.

ಮಾರ್ಚ್ 7

ಇನ್ನೂ ಮೂರು ಹುಳ. ಮಧ್ಯಾಹ್ನ ಮಡಕೆಯ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದಳು. ನಾನು ಕರಡು ಬಿಚ್ಚಿ ನಿನ್ನೆಯ ಬಾಕಿ ತೀರಿಸಲು ಕೂತೆ. ಅರವತ್ತಮೂರನೆಯ ಪುಟದಲ್ಲಿ ಹೀಗಿತ್ತು: ‘ಕುಂಬಾರ ಕಣಜವು ಮಡಕೆಯನ್ನು ಹುಳುಗಳಿಂದ ತುಂಬಿಸಿ, ಕಟ್ಟಕಡೆಯಲ್ಲಿ ಅವುಗಳ ಮೇಲೊಂದು ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ.’

ಕಾಗುಣಿತ ಸರಿಯಾಗಿದೆ. ಒತ್ತಕ್ಷರ ಸರಿಯಾಗಿದೆ.

ಆದರೆ ನಿನ್ನೆ ಖಾಲಿ ಮಡಕೆಗೆ ಹೊಟ್ಟೆ ತೂರಿಸಿ ಅವಳು ಮಾಡಿದ್ದೇನು? ಇವತ್ತು ಮುಚ್ಚುವ ಮೊದಲು ತಿರುಗಿ ನಿಲ್ಲಲೇ ಇಲ್ಲವಲ್ಲ?

ಮಾರ್ಚ್ 9

ಅರವತ್ತಮೂರರ ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿದೆ. ಅಳಿಸಿದೆ. ಹಾಕಿದೆ. ಅಳಿಸಿದೆ. ಕಾಗದ ಸವೆದು ಆ ಕಡೆಯ ಅಕ್ಷರ ಕಾಣುತ್ತಿದೆ.

ಏಳು ವರ್ಷದ ಹಿಂದಿನದು ಇನ್ನೂ ಮರೆತಿಲ್ಲ. ಆಕಾಶದ ಬಗ್ಗೆ ಮಕ್ಕಳ ಪುಸ್ತಕ. ಶುಕ್ರಗ್ರಹ ತನ್ನ ಸುತ್ತ ಒಮ್ಮೆ ತಿರುಗಲು ಹಿಡಿಯುವ ಕಾಲ ಅದರ ವರ್ಷಕ್ಕಿಂತ ಉದ್ದ ಎಂದು ಬರೆದಿದ್ದರು. ಕೈತಪ್ಪಿರಬೇಕು ಅಂತ ನಾನೇ ಜಾಣೆಯಾಗಿ ಹಿಂದುಮುಂದು ಮಾಡಿದೆ. ಬರೆದದ್ದು ಸರಿಯಾಗಿತ್ತು. ಎರಡು ಸಾವಿರ ಪ್ರತಿಗೆ ತಿದ್ದುಪಡಿ ಚೀಟಿ ಅಂಟಿಸಿದ್ದು ನಾನೇ, ನೆಲದ ಮೇಲೆ ಕೂತು, ಹೋಗುವವರು ಬರುವವರು ನೋಡುತ್ತಿರುವಾಗ. ಅವತ್ತೇ ಆಣೆ ಹಾಕಿಕೊಂಡೆ: ಅಕ್ಷರಕ್ಕೆ ಮಾತ್ರ ಕೈ, ಅರ್ಥಕ್ಕಿಲ್ಲ.

ಹತ್ತೊಂಬತ್ತು ವರ್ಷದ ಅನುಭವದಲ್ಲಿ ಕಲಿತದ್ದು ಅದೊಂದೇ. ಅದನ್ನು ಒಂದು ಕಣಜಕ್ಕೋಸ್ಕರ ಬಿಡುವುದೇ?

ಮಾರ್ಚ್ 11

ಎರಡನೆಯ ಮಡಕೆ! ಮೊದಲನೆಯದರ ಪಕ್ಕದಲ್ಲೇ. ಈ ಸಲ ಗಡಿಯಾರ ಎದುರಿಗಿಟ್ಟುಕೊಂಡು ಬರೆದುಕೊಂಡೆ.

ನಿನ್ನೆ 8.10ಕ್ಕೆ ಮೊದಲ ಮಣ್ಣಿನುಂಡೆ. 10.55ಕ್ಕೆ ಕಂಠ ಮುಗಿಯಿತು. 10.58ಕ್ಕೆ ಹೊಟ್ಟೆ ಒಳಗೆ. 11.00ಕ್ಕೆ ಹೊರಗೆ. 1.20ಕ್ಕೆ ಮೊದಲ ಹುಳ. ಇವತ್ತು 12.40ಕ್ಕೆ ಏಳನೆಯ ಹುಳ, ಕೂಡಲೇ ಮುಚ್ಚಿದಳು. ಕೊನೆಯಲ್ಲಿ ತಿರುಗಿ ನಿಲ್ಲಲಿಲ್ಲ. ಈ ಸಲವೂ!

ಅಮ್ಮನಿಗೆ ಹೇಳಿದೆ. “ಅದರಲ್ಲೇನಿದೆ,” ಅಂದಳು. “ತೊಟ್ಟಿಲು ಕಟ್ಟಿ, ಮಗು ಮಲಗಿಸಿ, ಆಮೇಲೆ ತಾನೇ ಅಂಗಡಿಗೆ ಹೋಗೋದು?”

ಯಜಮಾನರಿಗೆ ಫೋನ್ ಮಾಡಿದೆ. ಹಿಂದೆ ಯಂತ್ರದ ಸದ್ದು, ಮುಂದೆ ಅವರ ಸದ್ದು.

“ನೋಡಿ ಕರಡಿಯವ್ರೇ, ಶುಕ್ರಗ್ರಹ ಮುಗೀತು, ಈಗ ಹುಳಾನಾ? ನೀವು ಕರಡು ನೋಡಿ, ಕಣಜ ನೋಡ್ಬೇಡಿ.”

ಸರಿ ಸರ್ ಅಂದೆ. ಫೋನಿಟ್ಟು ಕರಡಿಗೆ ಮರಳಿದೆ. ಆದರೂ ಕಣಜ ಅಂದರೆ ಧಾನ್ಯ ತುಂಬಿಡುವ ಕಣಜವೂ ಹೌದಲ್ಲ! ಇಷ್ಟು ವರ್ಷ ಎರಡಕ್ಕೂ ಒಂದೇ ಕಾಗುಣಿತ ತಿದ್ದಿದ್ದೇನೆ, ಒಂದು ದಿನವೂ ಹೊಳೆದಿರಲಿಲ್ಲ.

ಮಾರ್ಚ್ 13

ಟೀಚರಿಗೇ ಫೋನ್ ಮಾಡಿದೆ. ನಂಬರು ಕರಡಿನ ಮೊದಲ ಹಾಳೆಯಲ್ಲಿತ್ತು. ನಾಲ್ಕು ಸಲ ಒತ್ತಿ, ನಾಲ್ಕು ಸಲ ರಿಂಗಾಗುವ ಮೊದಲೇ ಇಟ್ಟು, ಐದನೆಯ ಸಲ ಮಾತಾಡಿದೆ.

“ಯಾವ ಕಾಲೇಜಲ್ಲಿ ಪಾಠ ಮಾಡ್ತೀಯಮ್ಮ?” ಅಂದರು, ಎಲ್ಲ ಕೇಳಿಸಿಕೊಂಡು.

“ಇಲ್ಲ ಟೀಚರ್, ನಾನು ಕರಡು ತಿದ್ದೋಳು. ಕಾಲು ಮುರಿದು ಮಲಗಿದೀನಿ.”

“ನಾನು ಮೂವತ್ತೊಂದು ವರ್ಷ ಇದನ್ನ ಪಾಠ ಮಾಡಿದೀನಿ. ಮಡಕೆ ಒಡೆದು ಮಕ್ಕಳಿಗೆ ತೋರ್ಸಿದೀನಿ, ಮೊಟ್ಟೆ ಹುಳದ ಮೇಲೇ ಇರತ್ತೆ. ಮುರಿದಿರೋದು ಕಾಲಾ, ತಲೆನಾ?”

ಟಕ್ಕೆಂದು ಇಟ್ಟರು.

ಮಾರ್ಚ್ 14

ಬರೆಯಲು ಏನೂ ಇಲ್ಲ.

ಮಾರ್ಚ್ 16

ಬಾಗಿಲು ಬಡಿದ ಸದ್ದಿಗೆ ಅಮ್ಮ ಹೋದಳು. ಏದುಸಿರು, ಆಮೇಲೆ ಗಟ್ಟಿ ಧ್ವನಿ: “ಆ ಕಾಲು ಮುರಿದೋಳು ಇಲ್ಲೇನಾ ಇರೋದು?”

ಟೀಚರ್! ಎಪ್ಪತ್ತೊಂದು ವರ್ಷ, ಮೂರು ಮಹಡಿ. ಕಂಕುಳಲ್ಲಿ ಮಡಚುವ ಸ್ಟೂಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ನಮಸ್ಕಾರವಿಲ್ಲ, ಹೇಗಿದ್ದೀಯ ಅನ್ನಲಿಲ್ಲ. ನೇರ ಕಿಟಕಿಗೆ ಹೋಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು.

“ನಿದ್ದೆ ಬರ್ಲಿಲ್ಲ ಎರಡು ರಾತ್ರಿ,” ಅಂದರು ನನ್ನ ಕಡೆ ತಿರುಗದೆ. “ಒಡೆದು ನೋಡಿದೀನಿ ನಿಜ. ಕಟ್ಟೋವಾಗ ಕೂತು ನೋಡಿದೀನಾ ಅಂತ ಕೇಳ್ಕೊಂಡೆ. ನೋಡಿಲ್ಲ. ನಲವತ್ತೈದು ನಿಮಿಷಕ್ಕೆ ಗಂಟೆ ಹೊಡೀತಾರೆ ಸ್ಕೂಲಲ್ಲಿ.”

ಗಡಿಯಾರದ ಲೆಕ್ಕ ತೋರಿಸಿದೆ. ಎರಡು ಸಲ ಓದಿದರು. “ಇದನ್ನ ಯಾರು ಹೇಳಿಕೊಟ್ರು ನಿಂಗೆ, ಹೀಗೆ ಬರೆಯೋದು?”

“ಯಾರೂ ಇಲ್ಲ ಟೀಚರ್.”

“ಹ್ಞೂಂ,” ಅಂದರು.

ಐದರ ತನಕ ಕಾದೆವು. ನಮ್ಮ ಕಣಜ ಮೇಸ್ತ್ರಿ ಬರಲಿಲ್ಲ. ನೋಡಲು ಜನ ಬಂದ ದಿನವೇ ಕೆಲಸಕ್ಕೆ ರಜೆ ಹಾಕಿದ್ದಾಳೆ, ಥೇಟ್ ಮೇಸ್ತ್ರಿಗಳ ಬುದ್ಧಿ. ಸ್ಟೂಲನ್ನು ಇಲ್ಲೇ ಬಿಟ್ಟುಹೋದರು.

ಮಾರ್ಚ್ 18

ನೋಡಿದೆವು ನೋಡಿದೆವು ನೋಡಿದೆವು!

ಕ್ರಮವಾಗಿ ಬರೆಯಬೇಕು. ಬೆಳಿಗ್ಗೆ ಎಂಟೂಕಾಲಿಗೆ ಟೀಚರ್ ಬಂದರು, ಎಂಟೂವರೆಗೆ ಮೇಸ್ತ್ರಿ. ಮೂರನೆಯ ಮಡಕೆ ಶುರು. ಟೀಚರ್ ಸ್ಟೂಲಿನಲ್ಲಿ, ನಾನು ಮಂಚದಲ್ಲಿ, ಅಮ್ಮ ಬಾಗಿಲಲ್ಲಿ. ಕುಕ್ಕರಿನ ಸೀಟಿಗೂ ಯಾರೂ ಏಳಲಿಲ್ಲ, ಅನ್ನ ತಳ ಹಿಡಿಯಿತು.

11.12ಕ್ಕೆ ಅವಳು ತಿರುಗಿ ನಿಂತು ಹೊಟ್ಟೆ ತೂರಿಸಿದಳು. ಟೀಚರ್ ನನ್ನ ಮಣಿಕಟ್ಟು ಹಿಡಿದರು, ಉಗುರು ಊರುವಷ್ಟು. ಅವಳು ಹಾರಿಹೋದದ್ದೇ ಟೀಚರ್ ಚೀಲದಿಂದ ಡಾಕ್ಟರು ಗಂಟಲು ನೋಡುವಂಥ ಸಣ್ಣ ಟಾರ್ಚು ತೆಗೆದರು. ಒಂದು ಕೈಯಲ್ಲಿ ಬೆಳಕು, ಇನ್ನೊಂದರಲ್ಲಿ ಭೂತಗನ್ನಡಿ. ಬಗ್ಗಿದರು. ಎಷ್ಟೋ ಹೊತ್ತು ಹಾಗೇ ಇದ್ದರು.

“ಟೀಚರ್?”

ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ಬೆಳಕನ್ನು ಅವರೇ ಹಿಡಿದರು.

ಖಾಲಿ ಮಡಕೆ. ಒಂದು ಹುಳವೂ ಇಲ್ಲ. ಒಳಗೆ ಚಾವಣಿಯಿಂದ, ನೂಲಿಗಿಂತ ನೂರು ಪಾಲು ಸಣ್ಣ ಎಳೆಯಲ್ಲಿ, ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆಯೊಂದು ತೂಗಾಡುತ್ತಿತ್ತು! ನನ್ನ ಉಸಿರಿಗೇ ಅಲ್ಲಾಡಿತೋ, ನನ್ನ ಕೈಯೇ ಅಲ್ಲಾಡಿತೋ ಗೊತ್ತಿಲ್ಲ. ತೊಟ್ಟಿಲು! ಅಮ್ಮ ಸುಮ್ಮನೆ ಅಂದದ್ದು, ನಿಜವಾಗಿ ತೊಟ್ಟಿಲು!

“ಒಡೆದಾಗ ಎಳೆ ಕಿತ್ತು ಹುಳದ ಮೇಲೆ ಬೀಳತ್ತೆ,” ಅಂದರು ಟೀಚರ್, ತಮಗೆ ತಾವೇ. “ಬಿದ್ದದ್ದನ್ನ ನೋಡಿ ಇಟ್ಟದ್ದು ಅಂದ್ಕೊಂಡೆ. ಮೂವತ್ತೊಂದು ವರ್ಷ... ಎಷ್ಟು ಮಕ್ಕಳಿಗೆ ಹೇಳಿದೆನಲ್ಲೇ!”

ಅಳುತ್ತಾರೇನೋ ಅಂದುಕೊಂಡೆ. ನೋಡಿದರೆ ನಗುತ್ತಿದ್ದಾರೆ, ಕಣ್ಣಲ್ಲಿ ನೀರೂ ಇದೆ. ಅಮ್ಮನಿಗೂ ಟಾರ್ಚು ಹಿಡಿದು ತೋರಿಸಿದರು. ಸೀದ ಅನ್ನವನ್ನು ಮೂವರೂ ಮೊಸರು ಹಾಕಿಕೊಂಡು ಉಂಡೆವು. ಹೋಗುವಾಗ ಟೀಚರ್ ಬಾಗಿಲಲ್ಲಿ ತಿರುಗಿ, “ಉಳಿದ ಪುಟಗಳ್ನೂ ಹೀಗೇ ಓದು. ಒತ್ತಕ್ಷರ ಹಾಳಾಗಿ ಹೋಗ್ಲಿ,” ಅಂದರು.

ಮಾರ್ಚ್ 20

ಯಜಮಾನರ ಫೋನು. ನಾಲ್ಕನೆಯ ಫಾರಮಿಗೆ, ಅಂದರೆ ಅರವತ್ತಮೂರನೆಯ ಪುಟವಿರುವ ಹದಿನಾರು ಪುಟಗಳ ಹಾಳೆಗೆ, ಅಚ್ಚಿನ ಪ್ಲೇಟು ಆಗಿಬಿಟ್ಟಿದೆಯಂತೆ. ಸಹಿ ಹಾಕಿ ಕಳಿಸಿ ಅಂದರು. ಹಾಕುವುದಿಲ್ಲ ಅಂದೆ.

“ಕೆಲಸ ಬೇಕೋ ಬೇಡ್ವೋ ನಿಮಗೆ?”

“ಕೆಲಸ ನಿಮ್ದು ಸರ್. ಕಣ್ಣು ನಂದು. ನೋಡಿದ್ದನ್ನ ನೋಡಿಲ್ಲ ಅಂತ ಸಹಿ ಹಾಕಕ್ಕಾಗಲ್ಲ.”

ಅಷ್ಟರಲ್ಲಿ ಮೇಸ್ತ್ರಿ ಬಂದಳು, ಆಮೇಲೆ ಮಾಡ್ತೀನಿ ಸರ್ ಅಂತ ಫೋನಿಟ್ಟೆ. ನೀರು ಕುಡಿದು ಬಂದು ಮಣ್ಣು ಕಲಸುತ್ತಾಳೋ, ಒದ್ದೆ ಮಣ್ಣನ್ನೇ ತರುತ್ತಾಳೋ ಇನ್ನೂ ಗೊತ್ತಾಗಿಲ್ಲ. ಇವತ್ತು ಹಳೆಯ ಮಡಕೆಗಳ ಮೇಲೆ ಸುಮ್ಮನೆ ಓಡಾಡಿ ಹೋದಳು.

ಮಾರ್ಚ್ 22

ಟೀಚರ್ ಯಜಮಾನರಿಗೆ ಹೇಳಿದರಂತೆ: “ಆ ಪುಟ ಬದಲಾಗದಿದ್ದರೆ ಮುಖಪುಟದಿಂದ ನನ್ನ ಹೆಸರು ತೆಗಿ.” ಅವರು ಒಪ್ಪಿ, ಅಚ್ಚನ್ನು ಏಪ್ರಿಲ್ 10ಕ್ಕೆ ಮುಂದೂಡಿದರು. ನಲವತ್ತು, ತೊಂಬತ್ತೆರಡು, ನೂರಾ ಮೂವತ್ತು, ಈ ಪುಟಗಳಲ್ಲಿ ನನಗೆ ಅನುಮಾನ ಬಂದ ಮಾತುಗಳ ಪಟ್ಟಿ ಕೊಟ್ಟೆ. ಎರಡರಲ್ಲಿ ಟೀಚರ್ ಸರಿ, ಒಂದರಲ್ಲಿ ನಾನು. ಎರಡರಲ್ಲಿ ತಪ್ಪಿದ್ದಕ್ಕೆ ನಾಚಿಕೆಯಾಗಲೂ ಹೊತ್ತಿರಲಿಲ್ಲ, ಜೇಡ ತನ್ನ ಬಲೆಯನ್ನೇ ತಿಂದು ಮತ್ತೆ ನೇಯುವ ಕಥೆ ಹೇಳುತ್ತಿದ್ದರು.

ಏಪ್ರಿಲ್ 3

ಡಾಕ್ಟರು ಮನೆಗೇ ಬಂದು ನೋಡಿದರು. ಚೆನ್ನಾಗಿ ಕೂಡಿದೆ, 5ಕ್ಕೇ ಬನ್ನಿ, ಪ್ಲಾಸ್ಟರ್ ಬಿಚ್ಚೋಣ ಅಂದರು.

“ಒಂದು ವಾರ ಮುಂದಕ್ಕೆ ಹಾಕೋಕಾಗುತ್ತಾ ಡಾಕ್ಟ್ರೇ? ಮೊದಲನೇ ಮಡಕೆ ಮುಚ್ಚಿ ನಾಲ್ಕು ವಾರ ಆಗ್ತಾ ಬಂತು. ಇವತ್ತೋ ನಾಳೆಯೋ ಹೊರಗೆ ಬರುತ್ತೆ.”

ಡಾಕ್ಟರು ಅಮ್ಮನ ಮುಖ ನೋಡಿದರು. ಅಮ್ಮ, “ಹೌದು, ಈಗ ಎಲ್ಲೂ ಹೋಗೋ ಹಾಗಿಲ್ಲ,” ಅಂದಳು. ಪ್ಲಾಸ್ಟರಿನ ಮೇಲಿನ ಗೆರೆಗಳನ್ನು ನೋಡಿ, ಹತ್ತು ಹೊಡೆದು ಯಾಕೆ ನಿಲ್ಲಿಸಿದ್ದೀರಿ ಅಂತ ಕೇಳಿದರು. ಪೆನ್ಸಿಲ್ ಬೇರೆ ಕೆಲಸಕ್ಕೆ ಬೇಕಾಗಿತ್ತು ಅಂದೆ. 12ಕ್ಕೆ ಬಿಚ್ಚುವುದೆಂದು ನಿಗದಿಯಾಯಿತು.

ಏಪ್ರಿಲ್ 5

ಮೊದಲ ಮಡಕೆಯಲ್ಲಿ ತೂತು. ಒಳಗೆ ಯಾರೂ ಇಲ್ಲ. ನಾವಿಬ್ಬರೂ ಟೀ ಕುಡಿಯುತ್ತಿದ್ದಾಗ ಹೋಗಿದ್ದಾಳೆ, ಹೇಳದೆ ಕೇಳದೆ! ಟೀಚರ್ ಫೋನಿನಲ್ಲಿ ಬೈದದ್ದು ಬೈದದ್ದೇ. “ಟೀ ಕುಡಿಯೋಕೆ ಜೀವಮಾನ ಇದೆ!”

ಇನ್ನು ಮೇಲೆ ಪಾಳಿ. ಅಮ್ಮ ಬೆಳಿಗ್ಗೆ, ನಾನು ಉಳಿದ ಹೊತ್ತು.

ಏಪ್ರಿಲ್ 10

ಇವತ್ತು ನಡೆದದ್ದನ್ನು ಹೇಗೆ ಬರೆಯಲಿ!

ಎಂಟೂಕಾಲಿಗೆ ಅಮ್ಮ ಕೂಗಿದಳು. ನಾನು ಹಲ್ಲುಜ್ಜುತ್ತಿದ್ದೆ, ನೊರೆ ಬಾಯಲ್ಲೇ ಊರುಗೋಲು ಊರಿಕೊಂಡು ಬಂದೆ. ಎರಡನೆಯ ಮಡಕೆಯ ಪಕ್ಕೆಯಲ್ಲಿ ಮಣ್ಣು ಉದುರುತ್ತಿತ್ತು. ಸಾಸಿವೆಯಷ್ಟು ತೂತು, ಆಮೇಲೆ ಮೆಣಸಿನಷ್ಟು. ಒಳಗಿಂದ ಕೆರೆಯುವ ಸದ್ದು ಕೇಳಿಸಿತು, ನಿಜವಾಗಿ ಕೇಳಿಸಿತು. ತಲೆ ಹೊರಗೆ ಬಂತು.

ಹಸಿರು.

ಕಪ್ಪಲ್ಲ, ಹಳದಿಯಲ್ಲ. ನವಿಲಿನ ಕೊರಳಿನ ಹಸಿರು. ಮೈ ಹೊರಬಂದಂತೆ ನೀಲಿ, ನೇರಳೆ, ಮತ್ತೆ ಹಸಿರು, ಬಿಸಿಲಿಗೆ ಕಣ್ಣು ಕುಕ್ಕುವಂತೆ. ದಾರದ ಸೊಂಟ ಇಲ್ಲವೇ ಇಲ್ಲ. ಚೌಕಟ್ಟಿನ ಮೇಲೆ ಕೂತು ರೆಕ್ಕೆ ಒರೆಸಿಕೊಂಡಿತು.

“ಇದ್ಯಾರೇ ಇವಳು!” ಅಂದಳು ಅಮ್ಮ. “ಕಟ್ಟಿದೋಳು ಮೇಸ್ತ್ರಿ, ಬಂದೋಳು ಒಡವೆ ಹಾಕ್ಕೊಂಡು ಮದುಮಗಳು!”

ಟೀಚರಿಗೆ ಫೋನ್ ಮಾಡಿ ಬಣ್ಣ ಹೇಳುವಷ್ಟರಲ್ಲೇ ಆ ಕಡೆ ಕಿರುಚಿದರು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಹಾಗೆ, ಇದರ ತಾಯಿ ಕುಂಬಾರ ಕಣಜದ ಮಡಕೆಗೆ ಕನ್ನ ಕೊರೆದು ತನ್ನ ಮೊಟ್ಟೆಯಿಟ್ಟು ಹೋಗುತ್ತಾಳಂತೆ. ಒಳಗಿದ್ದ ಮರಿಯನ್ನು ಇದೇ ಮುಗಿಸುತ್ತದಂತೆ. ಓದಿದ್ದರಂತೆ, ಹೊರಬರುವುದನ್ನು ಜನ್ಮದಲ್ಲಿ ನೋಡಿಲ್ಲವಂತೆ. “ಅಯ್ಯೋ, ಬಸ್ಸಲ್ಲಿ ಬಂದ್ರೂ ಅರ್ಧ ಗಂಟೆ! ಹಿಡ್ಕೊಂಡಿರೇ!” ಅಂದರು. ಹಿಡಿದುಕೊಳ್ಳುವುದು ಹೇಗೆ? ಅದು ಹಾರಿತು, ಒಂದು ಕಿಡಿಯ ಹಾಗೆ.

ಆಗ ಅರವತ್ತನಾಲ್ಕನೆಯ ಪುಟ ನೆನಪಾಯಿತು. ‘ಕೆಲವು ವಾರಗಳ ಬಳಿಕ, ತಪ್ಪದೆ, ಮಡಕೆ ಕಟ್ಟಿದವಳ ಮಗಳೇ ಹೊರಬರುತ್ತಾಳೆ.’ ಅರವತ್ತಮೂರು ಬದಲಾದ ಮೇಲೆ ಆ ‘ತಪ್ಪದೆ’ಯನ್ನು ನಾನೇ ಓದಿ ಸಹಿ ಹಾಕಿ ಕಳಿಸಿದ್ದೇನೆ. ಅಚ್ಚು ಇವತ್ತೇ!

ಮುದ್ರಣಾಲಯಕ್ಕೆ ಫೋನ್ ಮಾಡಿದೆ. ಯಂತ್ರ ಓಡುವಾಗ ಅಲ್ಲಿ ಸಿಡಿಲು ಹೊಡೆದರೂ ಕೇಳುವುದಿಲ್ಲ. ಆರು ಸಲ ಮಾಡಿದೆ. ಆಮೇಲೆ ಊರುಗೋಲನ್ನು ಅಮ್ಮನ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಕೂತು ಕೂತು, ಐವತ್ತೆರಡು ಮೆಟ್ಟಿಲು ಇಳಿದೆ. ಅಮ್ಮ ಹಿಂದಿನಿಂದ, “ಹುಚ್ಚು ಹಿಡಿದಿದೆ ಇವಳಿಗೆ,” ಅನ್ನುತ್ತಲೇ ಮುಂದೆ ಓಡಿ ಆಟೋ ನಿಲ್ಲಿಸಿದಳು.

ನನ್ನನ್ನು ಪ್ಲಾಸ್ಟರಿನೊಂದಿಗೆ ನೋಡಿ ಯಜಮಾನರು ಯಂತ್ರದ ಹುಡುಗರಿಗೆ ಕೈ ಎತ್ತಿದರು. ಸದ್ದು ನಿಂತಿತು. ಎರಡನೆಯ ಫಾರಂ ಓಡುತ್ತಿತ್ತು. ನಾಲ್ಕನೆಯದಕ್ಕೆ ಇನ್ನೂ ಹೊತ್ತಿತ್ತು!

“ಏನ್ರೀ, ಮತ್ತೆ?”

ಹೇಳಿದೆ. ಒಂದೇ ಉಸಿರಿಗೆ, ಹಸಿರು, ನೀಲಿ, ಕನ್ನ, ಕೋಗಿಲೆ, ಎಲ್ಲ. ಅವರು ತಲೆಗೆ ಕೈಯಿಟ್ಟುಕೊಂಡು ಕೇಳಿದರು.

“ಎಷ್ಟು ಸಾಲು ಬೇಕು?”

“ಮೂರು. ಅಧ್ಯಾಯ ಮುಗಿದು ಕೆಳಗೆ ಖಾಲಿ ಇದೆ. ‘ತಪ್ಪದೆ’ ತೆಗೀಬೇಕು. ಬೇರೆ ಪುಟ ಅಲ್ಲಾಡಲ್ಲ.”

“ಬರೆಯೋರು ಯಾರು? ಟೀಚರಿಗೆ ಮಾಡಿ.”

ಮಾಡಿದೆ. ಟೀಚರ್ ನಮ್ಮ ಮನೆಯ ದಾರಿಯಲ್ಲಿ ಬಸ್ಸಿನಲ್ಲಿದ್ದರು. “ನಾನು ನೋಡಿಲ್ಲ, ನಾನು ಹೇಗೆ ಬರೀಲಿ? ನೋಡಿದೋಳು ಬರೀಬೇಕು,” ಎಂದು ಇಟ್ಟುಬಿಟ್ಟರು.

ಮೇಜಿಗೆ ಒರಗಿ, ಒಂಟಿಕಾಲಲ್ಲಿ ನಿಂತು ಬರೆದೆ:

‘ಸಾಮಾನ್ಯವಾಗಿ ಮಡಕೆ ಕಟ್ಟಿದವಳ ಮಗಳೇ ಹೊರಬರುತ್ತಾಳೆ. ಕೆಲವೊಮ್ಮೆ ಮಾತ್ರ ಕನ್ನ ಹಾಕಿದ ಇನ್ನೊಬ್ಬಳ ಮಗಳು, ನವಿಲುಬಣ್ಣದವಳು, ಬರುತ್ತಾಳೆ. ನಿಮ್ಮ ಕಿಟಕಿಯಲ್ಲಿ ಯಾರು ಬಂದರೆಂದು ಕಾದು ನೋಡಿ ನಮಗೆ ಬರೆಯಿರಿ.’

ಯಜಮಾನರು ಓದಿದರು. ನನ್ನ ಪೆನ್ಸಿಲನ್ನು ತೆಗೆದುಕೊಂಡು ಕೆಳಗೆ ಮುದ್ರಣಾಲಯದ ವಿಳಾಸ ಬರೆದರು. “ಬರೀರಿ ಅಂದ್ರೆ ಎಲ್ಲಿಗೆ ಅಂತ ಬೇಡ್ವಾ?”

ಹುಡುಗರು ಕಾಗದ ಸರಿಪಡಿಸುತ್ತಿದ್ದರು. ಯಜಮಾನರು ಚೀಟಿಯನ್ನು ಇನ್ನೊಮ್ಮೆ ನೋಡಿ, ಧ್ವನಿ ತಗ್ಗಿಸಿ ಕೇಳಿದರು: “ಮೂರನೇ ಮಡಕೆ ಒಡೆದಿಲ್ಲ ತಾನೇ?”

“ಇಲ್ಲ ಸರ್. ಇನ್ನೊಂದು ವಾರ ಬೇಕು.”

“ಹೊರಡೋ ಹಾಗೆ ಕಂಡ್ರೆ ಫೋನ್ ಮಾಡಿ. ನನ್ನ ಸ್ವಂತ ನಂಬರಿಗೆ. ಹೊತ್ತಿನ ಲೆಕ್ಕ ಬೇಡ.”

ಏಪ್ರಿಲ್ 16

ಬೆಳಿಗ್ಗೆ 6.40. ಮೂರನೆಯ ಮಡಕೆಯಿಂದ ಮಣ್ಣು ಉದುರಲು ಶುರು. ಯಜಮಾನರು ಮೊದಲ ರಿಂಗಿಗೇ ಎತ್ತಿದರು. ಟೀಚರ್ ನಿನ್ನೆಯಿಂದ ಇಲ್ಲೇ ಇದ್ದಾರೆ, ಸ್ಟೂಲು ಬಿಟ್ಟು ಕದಲಿಲ್ಲ. 7.05ಕ್ಕೆ ಯಜಮಾನರು ಮೂರು ಮಹಡಿ ಹತ್ತಿ, ಬನಿಯನ್ನಿನ ಮೇಲೆ ಟವೆಲ್ಲು ಹೊದ್ದು, ಬಾಗಿಲಲ್ಲಿ ನಿಂತರು. ಅಮ್ಮ ತುಟಿಯ ಮೇಲೆ ಬೆರಳಿಟ್ಟು ಅವರಿಗೆ ಜಾಗ ಮಾಡಿಕೊಟ್ಟಳು. ನಾಲ್ಕು ತಲೆ, ಒಂದು ಕಿಟಕಿ, ಒಂದು ಭೂತಗನ್ನಡಿ.

ತೂತು ದೊಡ್ಡದಾಗುತ್ತಿದೆ. ಬಣ್ಣ ಇನ್ನೂ ಕಾಣುತ್ತಿಲ್ಲ. ಇಷ್ಟು ಬರೆದದ್ದೇ ಹೆಚ್ಚಾಯಿತು, ಪೆನ್ನು ಕೆಳಗಿಡುತ್ತೇನೆ.